ಬ್ಯಾಡಗಿ ಮಾರ್ಕೆಟ್‌ನಲ್ಲಿ ಶೂಟಿಂಗ್: 16 ಎಂಎಂ ಫಿಲ್ಮೋ, ಡಿಜಿಟಲ್ಲೋ?

ಹಾವೇರಿ ಹುಡುಗ:
ಎಲ್ಲರಿಗೂ ನಮಸ್ಕಾರ. ಗೆಳೆಯರು ಸೇರಿ 15 ನಿಮಿಷದ ಕಿರುಚಿತ್ರ ಮಾಡುತ್ತಿದ್ದೇವೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು (ತೊಟ್ಟು) ಬಿಡಿಸುವ ಅಜ್ಜಿಯ ಕಥೆ. ಟೆಸ್ಟ್‌ಗೆ ಅಂತ ಮಧ್ಯಾಹ್ನ ಮೊಬೈಲ್‌ನಲ್ಲಿ ತೆಗೆದೆ. ಇಡೀ ರಾಶಿ ಒಂದೇ ಕೆಂಪು ಮುದ್ದೆ ಆಗಿತ್ತು. ಬ್ಯಾಡಗಿ ಕಾಯಿಯ ಚೆಂದ ಇರೋದೇ ಆ ಸುಕ್ಕಿನಲ್ಲಿ ಅಲ್ವಾ, ಅದೇ ಕಾಣಲಿಲ್ಲ. ಗೆಳೆಯನ ಮಾವನ ಹತ್ತಿರ ಕೀಲಿ ಕೊಡುವ ಹಳೇ 16 ಎಂಎಂ ಬೋಲೆಕ್ಸ್ ಫಿಲ್ಮ್ ಕ್ಯಾಮೆರಾ ಇದೆ. ಫಿಲ್ಮ್‌ನಲ್ಲೇ ಮಾಡೋಣವೇ?

ಹಳೇ ಕ್ಯಾಮೆರಾ ಅಸಿಸ್ಟೆಂಟ್, ಹುಬ್ಬಳ್ಳಿ:
ಮೊದಲು ಲೆಕ್ಕ ಹಾಕು ತಮ್ಮಾ. ಸೆಕೆಂಡಿಗೆ 24 ಫ್ರೇಮ್‌ನಲ್ಲಿ 16 ಎಂಎಂ ಫಿಲ್ಮ್ ನಿಮಿಷಕ್ಕೆ 36 ಅಡಿ ಓಡುತ್ತದೆ. 100 ಅಡಿಯ ರೋಲ್ ಮೂರು ನಿಮಿಷವೂ ಬರಲ್ಲ. ಶಾಟ್‌ಗೆ ನಾಲ್ಕೇ ಟೇಕ್ ಅಂದರೂ 60 ನಿಮಿಷ, ಅಂದರೆ 22 ರೋಲ್. ಅದನ್ನು ಲ್ಯಾಬ್‌ನಲ್ಲಿ ತೊಳೆಸಬೇಕು, ಸ್ಕ್ಯಾನ್ ಮಾಡಿಸಬೇಕು. ಫ್ಯೂಜಿ ಕಂಪನಿ ಸಿನಿಮಾ ನೆಗೆಟಿವ್ ಮಾಡೋದನ್ನು 2013ರಲ್ಲೇ ನಿಲ್ಲಿಸಿತು, ಈಗ ಬಣ್ಣದ್ದು ಬೇಕೆಂದರೆ ಹೆಚ್ಚೂ ಕಡಿಮೆ ಕೊಡಾಕ್ ಒಂದೇ. ಬೋಲೆಕ್ಸ್ ಒಂದು ಕೀಲಿಗೆ ಅರ್ಧ ನಿಮಿಷವೂ ಓಡಲ್ಲ, ಗರಗರ ಸದ್ದು ಬೇರೆ, ಮಾತಿರುವ ಸೀನ್‌ಗೆ ಆಗೋದೇ ಇಲ್ಲ.

ನನಗೆ ಫಿಲ್ಮ್ ಅಂದರೆ ಇಂದಿಗೂ ಪ್ರಾಣ. ರೋಲ್ ಓಡುತ್ತಿದೆ ಅಂದರೆ ಸೆಟ್‌ನಲ್ಲಿ ಎಲ್ಲರೂ ಉಸಿರು ಹಿಡಿದು ನಿಲ್ಲುತ್ತಿದ್ದರು. ಆದರೆ ಒಂದು ಸಲ ಗೇಟ್‌ನಲ್ಲಿ (ಕ್ಯಾಮೆರಾ ಒಳಗೆ ಫಿಲ್ಮ್ ಮೇಲೆ ಬೆಳಕು ಬೀಳುವ ಕಿಂಡಿ) ಕೂದಲು ಸಿಕ್ಕಿದ್ದನ್ನು ನಾನು ನೋಡಲಿಲ್ಲ, ಇಡೀ ದಿನದ ಕೆಲಸ ಹಾಳಾಯಿತು, ರಾತ್ರಿ ಅತ್ತಿದ್ದೆ. ನೀವು ಹೋಗೋದು ಮೆಣಸಿನ ಪುಡಿ ಹಾರುವ ಜಾಗ, ಯೋಚಿಸಿ.

ಗದಗಿನ ಎಡಿಟರ್:
ಅಣ್ಣ ಹೇಳಿದ್ದು ಸರಿ. ಆದರೆ ನಿಮ್ಮ ಕೆಂಪಿನ ಸಮಸ್ಯೆ ಡಿಜಿಟಲ್‌ನಲ್ಲೇ ಸರಿಹೋಗುತ್ತದೆ. ಮೆಣಸಿನಕಾಯಿ ಮೇಲೆ ಬಿಸಿಲು ಬಿದ್ದಾಗ ಕೆಂಪು ಚಾನೆಲ್, ಅಂದರೆ ಕ್ಯಾಮೆರಾ ದಾಖಲಿಸುವ ಕೆಂಪಿನ ಭಾಗ, ಮೊದಲು ತುಂಬಿಹೋಗಿ ವಿವರ ಅಳಿಸಿಹೋಗುತ್ತದೆ. ಹಸಿರು, ನೀಲಿ ಇನ್ನೂ ಕೆಳಗೇ ಇರುತ್ತವೆ, ಹಾಗಾಗಿ ಬರೀ ಬೆಳಕಿನ ಹಿಸ್ಟೋಗ್ರಾಮ್ (ಕ್ಯಾಮೆರಾ ಪರದೆಯಲ್ಲಿ ಬೆಳಕಿನ ಪ್ರಮಾಣ ತೋರಿಸುವ ಗ್ರಾಫ್) ನೋಡಿದರೆ ಎಲ್ಲಾ ಸರಿ ಇದ್ದಂತೆ ಕಾಣುತ್ತದೆ. ಮೂರು ಬಣ್ಣ ಬೇರೆ ಬೇರೆ ತೋರಿಸುವ ಕ್ಯಾಮೆರಾ ಬಾಡಿಗೆಗೆ ತನ್ನಿ, ಕೆಂಪು ನೋಡಿಕೊಂಡು ಎಕ್ಸ್‌ಪೋಷರ್ ಇಳಿಸಿ, ಲಾಗ್‌ನಲ್ಲಿ (ಚಿತ್ರ ಮಂಕಾಗಿ ಕಂಡರೂ ವಿವರ ಹೆಚ್ಚು ಉಳಿಸುವ ಮೋಡ್) ತೆಗೆಯಿರಿ. ಮೊಬೈಲ್ ತಾನೇ ಬಣ್ಣ ಜಾಸ್ತಿ ಮಾಡುತ್ತದೆ, ಅದನ್ನು ನಂಬಬೇಡಿ. ಮತ್ತೆ ನಡು ಮಧ್ಯಾಹ್ನ ಬೇಡ. ಬೆಳಿಗ್ಗೆ ಬೇಗ ಹೋಗಿ, ಓರೆ ಬಿಸಿಲಲ್ಲಿ ಸುಕ್ಕು ತಾನಾಗೇ ಎದ್ದು ಕಾಣುತ್ತದೆ.

ಸಂಜೆಗೆ ಎರಡು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ. ಒಂದೇ ಡಿಸ್ಕ್ ನಂಬಿ ನಾನು ಒಂದು ಡಾಕ್ಯುಮೆಂಟರಿ ಪೂರ್ತಿ ಕಳೆದುಕೊಂಡಿದ್ದೇನೆ.

ಹಾವೇರಿ ಹುಡುಗ:
ಅಕ್ಕಾ, ನಿನ್ನೆ ಬೆಳಿಗ್ಗೆ ಏಳಕ್ಕೇ ಹೋಗಿ ತೆಗೆದೆ, ಒಂದೊಂದು ಕಾಯಿಯೂ ಕಾಣುತ್ತಿದೆ! ಡಿಜಿಟಲ್ಲೇ ಖಾಯಂ. ಆದರೂ ಒಂದೇ ಒಂದು ರೋಲ್ ತರಿಸುತ್ತೇವೆ, ಅಜ್ಜಿಯ ಕೈಗಳಿಗೆ. ಮಾತಿಲ್ಲದ ಶಾಟ್, ಹತ್ತು ಸೆಕೆಂಡಿನವು.

ಹಳೇ ಕ್ಯಾಮೆರಾ ಅಸಿಸ್ಟೆಂಟ್, ಹುಬ್ಬಳ್ಳಿ:
ಹಾಗೆ ಮಾಡು. ರೋಲ್ ಮನೆಯಲ್ಲೇ ಲೋಡ್ ಮಾಡಿಕೊಂಡು ಹೋಗು, ಮಾರ್ಕೆಟ್‌ನಲ್ಲಿ ಕ್ಯಾಮೆರಾ ಬಾಗಿಲು ತೆಗೀಬೇಡ. ವಿಮಾನದಲ್ಲಿ ಯಾರಾದರೂ ರೋಲ್ ತರುವುದಾದರೆ ಏರ್‌ಪೋರ್ಟ್‌ನ ಎಕ್ಸ್‌ರೇ ಸ್ಕ್ಯಾನರ್‌ಗೆ ಹಾಕದೆ ಕೈಯಲ್ಲೇ ಚೆಕ್ ಮಾಡಲು ಕೇಳಲಿ. ಲೋಡ್ ಮಾಡುವ ದಿನ ಕರೆದರೆ ನಾನೇ ಬರುತ್ತೇನೆ.