ಹಾಸನದಲ್ಲಿ ದಾನ ಮತ್ತು ಸೇವೆ: ಉಪಯೋಗಕ್ಕೆ ಬರುವಂತೆ ಕೊಡುವುದು ಹೇಗೆ?

ಪ್ರಶ್ನೆ (ಹಾಸನ)

ಮಾನ್ಯರೇ, ನನಗೆ 52 ವರ್ಷ, ಖಾಸಗಿ ನೌಕರಿಯಲ್ಲಿದ್ದೇನೆ. ಕಳೆದ ವರ್ಷ ತಂದೆಯವರ ವರ್ಷಾಬ್ದಿಕದ ನೆನಪಿಗೆಂದು ಒಂದು ಸರ್ಕಾರಿ ಶಾಲೆಗೆ ಇನ್ನೂರು ನೋಟ್‌ಪುಸ್ತಕಗಳನ್ನು ಕೊಂಡೊಯ್ದಿದ್ದೆ. ಅವನ್ನು ಇಡಲೆಂದು ಬೀರು ತೆರೆದರೆ, ಹಿಂದೆ ಬೇರೆಯವರು ಕೊಟ್ಟ ಪುಸ್ತಕಗಳು ಕಟ್ಟಿದ ದಾರವನ್ನೂ ಬಿಚ್ಚದೆ ಹಾಗೆಯೇ ಕುಳಿತಿದ್ದವು. ಶಾಲೆಯವರು ನಗುಮೊಗದಿಂದಲೇ ನನ್ನದನ್ನೂ ತೆಗೆದುಕೊಂಡರು. ನನಗೆ ಮಾತ್ರ ಅಂದು ಊಟ ಸೇರಲಿಲ್ಲ. ತಿಂಗಳಿಗೆ ಎರಡು ಸಾವಿರ ರೂಪಾಯಿ ಮತ್ತು ಶನಿವಾರದ ಬೆಳಗಿನ ಹೊತ್ತನ್ನು ಕೊಡಬಲ್ಲೆ. ಎಲ್ಲಿಂದ ಆರಂಭಿಸಲಿ?

ಉತ್ತರ 1 (ಸಕಲೇಶಪುರದ ಶಿಕ್ಷಕಿ)

ಸಾರ್, ತಪ್ಪು ನಿಮ್ಮದಲ್ಲ. ಏನು ಬೇಕೆಂದು ಬಾಯಿಬಿಟ್ಟು ಹೇಳಲು ನಾವೂ ಸಂಕೋಚಪಡುತ್ತೇವೆ. ಪಠ್ಯಪುಸ್ತಕ, ಸಮವಸ್ತ್ರ, ಶೂ, ಬಿಸಿಯೂಟ ಇವೆಲ್ಲ ಸರ್ಕಾರದಿಂದ ಬರುತ್ತವೆ, ದಾನಿಗಳು ಬಹುಪಾಲು ಅದೇ ಸಾಲಿನಲ್ಲೇ ಇನ್ನಷ್ಟು ಸೇರಿಸುತ್ತಾರೆ. ನಮ್ಮ ಮಲೆನಾಡಿನ ಕಡೆ ಜೂನ್ ತಿಂಗಳಲ್ಲಿ ಎರಡು ಮೈಲಿ ನಡೆದು ಬರುವ ಮಗು ತೊಪ್ಪೆಯಾಗಿ ಬಂದು, ಬೆಂಚಿನ ಕೆಳಗೆ ನೀರು ತೊಟ್ಟಿಕ್ಕುತ್ತಿರುವಂತೆಯೇ ಪಾಠ ಕೇಳುತ್ತದೆ. ಆ ಮಗುವಿಗೆ ಬೇಕಾದದ್ದು ಒಂದು ಗಟ್ಟಿ ಛತ್ರಿ ಮತ್ತು ಶಾಲೆಯಲ್ಲೇ ಇಡಬಹುದಾದ ಒಂದು ಜೊತೆ ಒಣ ಬಟ್ಟೆ. ಹಣಕ್ಕಿಂತಲೂ ನಿಮ್ಮ ಶನಿವಾರ ನಮಗೆ ದೊಡ್ಡದು. ನಾಲ್ಕನೇ ತರಗತಿಗೆ ಬಂದರೂ ಒತ್ತಕ್ಷರ ಕೂಡಿಸಿ ಓದಲಾಗದ ಮಕ್ಕಳಿದ್ದಾರೆ; ಒಂದೊಂದು ಮಗುವಿನ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು ಓದಿಸಲು ಒಬ್ಬ ಶಿಕ್ಷಕಿಗೆ ಸಮಯ ಸಾಲುವುದಿಲ್ಲ. ಮುಖ್ಯೋಪಾಧ್ಯಾಯರನ್ನೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರನ್ನೂ ಮೊದಲು ಕಂಡು ಒಪ್ಪಿಗೆ ಪಡೆಯಿರಿ. ಆದರೆ ಒಂದು ವರ್ಷ ತಪ್ಪದೆ ಬರುವುದಾದರೆ ಮಾತ್ರ ಬನ್ನಿ. ಎರಡು ವಾರ ಬಂದು ನಿಲ್ಲಿಸಿದರೆ ಮಕ್ಕಳು ಬಾಗಿಲ ಕಡೆ ನೋಡುತ್ತಾ ಕೂರುತ್ತಾರೆ.

ಉತ್ತರ 2 (ಹಾಸನ)

ಆರೋಗ್ಯ ಚೆನ್ನಾಗಿದ್ದರೆ ರಕ್ತದಾನವನ್ನೂ ಯೋಚಿಸಿ. ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು. ಗಂಡಸರು 90 ದಿನಗಳಿಗೊಮ್ಮೆ, ಹೆಂಗಸರು 120 ದಿನಗಳಿಗೊಮ್ಮೆ ಕೊಡಬಹುದು. ಹಬ್ಬ, ಜಯಂತಿಗಳ ದಿನ ಶಿಬಿರಗಳಲ್ಲಿ ಒಟ್ಟಿಗೆ ರಕ್ತ ಸಂಗ್ರಹವಾಗುತ್ತದೆ, ಆದರೆ ಪ್ಲೇಟ್‌ಲೆಟ್‌ಗಳು ಉಳಿಯುವುದು ಸುಮಾರು ಐದು ದಿನ, ಕೆಂಪು ರಕ್ತಕಣಗಳು ಐದಾರು ವಾರ. ಕಾಲೇಜುಗಳಿಗೆ ರಜೆ ಬಿದ್ದು ಶಿಬಿರಗಳು ನಿಂತ ಬೇಸಿಗೆಯಲ್ಲಿ ರೋಗಿಯ ಮನೆಯವರು ಓಡಾಡಬೇಕಾಗುತ್ತದೆ. ಆದ್ದರಿಂದ ಶಿಬಿರಕ್ಕೆ ಕಾಯದೆ, ರಕ್ತನಿಧಿಗೆ ಕರೆ ಮಾಡಿ, ಅವರಿಗೆ ಬೇಕಾದ ವಾರದಲ್ಲೇ ಹೋಗಿ ಕೊಡಿ.

ಉತ್ತರ 3 (ಮೂಡಿಗೆರೆ)

ಶಿಕ್ಷಕಿಯವರ ಮಾತಿಗೆ ನನ್ನದೂ ಒಂದು ಅನುಭವ. 2019ರ ಆಗಸ್ಟ್ ಮಳೆಗೆ ನಮ್ಮ ತಾಲ್ಲೂಕಿನಲ್ಲಿ ಗುಡ್ಡ ಕುಸಿದಾಗ ನಾನು ಒಂದು ಪರಿಹಾರ ಕೇಂದ್ರದಲ್ಲಿ ಕೆಲಸಕ್ಕೆ ನಿಂತಿದ್ದೆ. ಮೂಟೆಗಟ್ಟಲೆ ಹಳೆಯ ಬಟ್ಟೆ ಬಂತು. ಗುಂಡಿಯಿಲ್ಲದ ಅಂಗಿ, ಜರಿ ಕಿತ್ತುಹೋದ ಸೀರೆ ಇವನ್ನು ಬೇರ್ಪಡಿಸುವುದರಲ್ಲೇ ನಮಗೆ ಎರಡು ದಿನ ಹೋಯಿತು. ಅಲ್ಲಿದ್ದ ಹೆಂಗಸರು ಮೆಲ್ಲನೆ ಕೇಳುತ್ತಿದ್ದುದು ಒಳ ಉಡುಪು, ಸ್ಯಾನಿಟರಿ ಪ್ಯಾಡ್, ಕಂಬಳಿ ಮತ್ತು ಟಾರ್ಚ್. ಸಾಮಾನು ಕಳಿಸುವ ಮುನ್ನ ಕೇಂದ್ರದಲ್ಲಿರುವವರಿಗೆ ಒಂದು ಫೋನ್ ಮಾಡಿದರೆ ಎಷ್ಟೋ ಉಪಕಾರ.

ಉತ್ತರ 4 (ಚಿಕ್ಕಮಗಳೂರಿನ ಲೆಕ್ಕಪರಿಶೋಧಕ)

ಸಂಸ್ಥೆಗೆ ಹಣ ಕೊಡುವುದಾದರೆ ಅದಕ್ಕೆ 80ಜಿ ನೋಂದಣಿ (ದಾನಿಗೆ ಆದಾಯ ತೆರಿಗೆಯಲ್ಲಿ ಕಡಿತ ಸಿಗಲು ಬೇಕಾದದ್ದು) ಇದೆಯೇ ಎಂದು ನೋಡಿ, ರಸೀದಿ ಪಡೆಯಿರಿ. 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ಈ ಕಡಿತ ಸಿಗುವುದಿಲ್ಲ; ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಅದೇ ಶಾಲೆಗೆ ಬರಿಗೈಯಲ್ಲಿ ಹೋಗಿ, ಏನು ಬೇಕೆಂದು ಕೇಳಿದೆ. ಮುಖ್ಯೋಪಾಧ್ಯಾಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಓದಲು ಬಾರದ ಮೂವರು ಮಕ್ಕಳ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರು. ಬರುವ ಶನಿವಾರ ಎಂಟು ಗಂಟೆಗೆ ಬರುತ್ತೇನೆಂದು ಹೇಳಿ ಬಂದಿದ್ದೇನೆ.