ಶೆನ್‌ಝೆನ್‌ಗೆ ಕೆಲಸಕ್ಕೆ ಹೋಗುತ್ತಿದ್ದೇನೆ, ಅಲ್ಲಿ ಸುವಾರ್ತೆ ಸೇವೆ ಮಾಡಬಹುದಾ?

ಕಮ್ಮನಹಳ್ಳಿ ಹುಡುಗ:
ಎಲ್ಲರಿಗೂ ವಂದನೆ. ಕಂಪನಿಯವರು ಒಂದು ವರ್ಷದ ಮಟ್ಟಿಗೆ ಶೆನ್‌ಝೆನ್‌ಗೆ ಕಳಿಸುತ್ತಿದ್ದಾರೆ. ಚೀನಾದ ವಿಶ್ವಾಸಿಗಳಿಗಾಗಿ ನಮ್ಮ ಸಭೆಯಲ್ಲಿ (ಚರ್ಚ್‌ನಲ್ಲಿ) ಬಹಳ ಕಾಲದಿಂದ ಪ್ರಾರ್ಥಿಸುತ್ತಿದ್ದೇವೆ, ಹಾಗಾಗಿ ಸುಮ್ನೆ ಕೆಲಸ ಮುಗಿಸಿ ಬರಲು ಮನಸ್ಸಿಲ್ಲ. ಚೀನೀ ಬೈಬಲ್‌ಗಳನ್ನು ಸೂಟ್‌ಕೇಸ್ ತುಂಬ ಒಯ್ಯಬಹುದಾ? ಆಫೀಸಿನವರನ್ನು ಮನೆಗೆ ಕರೆದು ಬೈಬಲ್ ವಾಕ್ಯ ಓದಬಹುದಾ?

ಲಿಂಗರಾಜಪುರದ ಅಕ್ಕ:
ತಮ್ಮಾ, ನಿನ್ನ ಓದಿಗೆ ಒಂದು ಬೈಬಲ್ ಇಟ್ಟುಕೋ, ಸಾಕು. ಬೈಬಲ್ ಚೀನಾದಲ್ಲೇ ಅಚ್ಚಾಗುತ್ತದೆ: ನಾನ್‌ಜಿಂಗ್ ನಗರದ ಅಮಿಟಿ ಪ್ರೆಸ್‌ನಲ್ಲಿ 1980ರ ದಶಕದಿಂದ ಅಚ್ಚಾದ ಬೈಬಲ್‌ಗಳು 20 ಕೋಟಿ ದಾಟಿವೆ, ಹೊರದೇಶಗಳಿಗೂ ಹೋಗುತ್ತವೆ. ಕಷ್ಟ ಇರುವುದು ಮಾರಾಟದಲ್ಲಿ. ಸರ್ಕಾರದಲ್ಲಿ ನೋಂದಣಿಯಾದ ಚರ್ಚ್‌ಗಳಲ್ಲಿ ಸಿಗುತ್ತದೆ, ಆನ್‌ಲೈನ್ ಅಂಗಡಿಗಳಿಂದ ಮಾತ್ರ 2018ರಲ್ಲಿ ತೆಗೆಸಿಬಿಟ್ಟರು. 2022ರ ಮಾರ್ಚ್‌ನಿಂದ ಪರವಾನಗಿ ಇಲ್ಲದೆ ಇಂಟರ್ನೆಟ್‌ನಲ್ಲಿ ಪ್ರಸಂಗ ಹಾಕುವಂತಿಲ್ಲ, ವಿದೇಶಿಯರಿಗೆ ಆ ಪರವಾನಗಿ ಸಿಗುವುದೇ ಇಲ್ಲ. ವಿಚಾಟ್‌ನಲ್ಲಿ (ಅಲ್ಲಿನವರ ವಾಟ್ಸಾಪ್ ಇದ್ದ ಹಾಗೆ) ಬೈಬಲ್ ವಚನ ಕಳಿಸುವ ಅಭ್ಯಾಸ ಇದ್ದರೆ ಬಿಟ್ಟುಬಿಡು.

ಹೊರಮಾವು ಥಾಮಸ್:
ಬ್ರದರ್, ನೋಂದಣಿಯಾದ ಚರ್ಚ್‌ಗೆ ನೀವು ಆರಾಧನೆಗೆ ಹೋಗಬಹುದು, ಅದಕ್ಕೆ ತಡೆ ಇಲ್ಲ. ವಿದೇಶಿಯರದೇ ಕೂಟಗಳೂ ಇವೆ, ಹಲವು ಕಡೆ ಪಾಸ್‌ಪೋರ್ಟ್ ನೋಡಿಯೇ ಒಳಗೆ ಬಿಡುತ್ತಾರೆ. ಆದರೆ ಅಲ್ಲಿನ ಜನರಿಗೆ ಸುವಾರ್ತೆ ಸಾರುವುದು, ಕರಪತ್ರ ಹಂಚುವುದು ಕಾನೂನಿಗೆ ವಿರುದ್ಧ. ಸಿಕ್ಕಿಬಿದ್ದರೆ ನಿಮ್ಮನ್ನು ಬೆಂಗಳೂರಿನ ವಿಮಾನ ಹತ್ತಿಸುತ್ತಾರೆ, ನಿಮ್ಮ ಮನೆಗೆ ಬಂದ ಸಹೋದ್ಯೋಗಿ ಮಾತ್ರ ಅಲ್ಲೇ ಉಳಿಯಬೇಕು, ಅವನ ಕೆಲಸ, ಮಕ್ಕಳ ಶಾಲೆ ಎಲ್ಲ ಅಲ್ಲೇ ಅಲ್ವಾ? ಚೆಂಗ್ಡುವಿನ ಅರ್ಲಿ ರೇನ್ ಸಭೆ ನೋಂದಣಿ ಇಲ್ಲದ ಸಭೆ. ಅದರ ಪಾಸ್ಟರ್ ವಾಂಗ್ ಯಿ ಅವರಿಗೆ ಸರ್ಕಾರದ ವಿರುದ್ಧ ಪ್ರಚೋದನೆಯ ಆರೋಪ ಹೊರಿಸಿ 2019ರ ಡಿಸೆಂಬರ್‌ನಲ್ಲಿ 9 ವರ್ಷ ಜೈಲು ಶಿಕ್ಷೆ ಕೊಟ್ಟರು. ಅಪಾಯ ಅಲ್ಲಿನ ವಿಶ್ವಾಸಿಗಳದು, ಹಾಗಾಗಿ ಎಷ್ಟು ಮುಂದೆ ಹೋಗಬೇಕು ಅಂತ ಅವರೇ ತೀರ್ಮಾನಿಸಲಿ.

ಕಮ್ಮನಹಳ್ಳಿ ಹುಡುಗ:
ಹಾಗಾದರೆ ನಾನು ಏನೂ ಮಾಡುವಂತಿಲ್ಲವಾ?

ಲಿಂಗರಾಜಪುರದ ಅಕ್ಕ:
ಯಾಕಿಲ್ಲ? ಲಂಡನ್ ಮಿಷನ್‌ನವರು ಬಳ್ಳಾರಿಗೆ ಜಾನ್ ಹ್ಯಾಂಡ್ಸ್ ಅವರನ್ನು ಕಳಿಸಿದರು, ಕನ್ನಡ ಬೈಬಲ್ ಬಂತು. ಅದೇ ಮಿಷನ್ 1807ರಲ್ಲಿ ರಾಬರ್ಟ್ ಮಾರಿಸನ್ ಅವರನ್ನು ಚೀನಾಕ್ಕೆ ಕಳಿಸಿತು. ಆದರೆ ಅಲ್ಲಿ ಸಭೆ ಜಾಸ್ತಿ ಬೆಳೆದದ್ದು 1950ರ ದಶಕದಲ್ಲಿ ವಿದೇಶಿ ಮಿಷನರಿಗಳು ಹೊರಟುಹೋದ ಮೇಲೆ. 2018ರಲ್ಲಿ ಸರ್ಕಾರವೇ ಕೊಟ್ಟ ಲೆಕ್ಕದಲ್ಲಿ ಪ್ರೊಟೆಸ್ಟೆಂಟರು 3.8 ಕೋಟಿಗಿಂತ ಜಾಸ್ತಿ, ನೋಂದಣಿ ಇಲ್ಲದ ಮನೆ ಸಭೆಗಳವರನ್ನು ಪೂರ್ತಿ ಸೇರಿಸಿದರೆ ಇನ್ನೂ ಹೆಚ್ಚು ಅನ್ನುತ್ತಾರೆ. ಅವರಿಗೆ ಸುವಾರ್ತೆ ಗೊತ್ತು. ನೀನು ಭಾಷೆ ಕಲಿ, ಪ್ರಾಮಾಣಿಕವಾಗಿ ಕೆಲಸ ಮಾಡು, ಕಾಯಿಲೆ ಬಿದ್ದವನಿಗೆ ಊಟ ತೆಗೆದುಕೊಂಡು ಹೋಗು. ಯಾರಾದರೂ ತಾವಾಗಿ ಕೇಳಿದರೆ ನಿನ್ನ ನಂಬಿಕೆ ಏನು ಅಂತ ಮುಚ್ಚಿಡದೆ ಹೇಳು. ಅವರ ಹೆಸರು, ಫೋಟೋ ಮಾತ್ರ ನಮ್ಮ ಸಭೆಯ ವಾಟ್ಸಾಪ್ ಗುಂಪಿಗೆ ಹಾಕಬೇಡ.