ಅಪ್‌ಡೇಟ್: ಮಗಳ ನುಂಗೋ ತೊಂದ್ರೆ ಬಗ್ಗೆ ಕೇಳಿದ್ದೆನಲ್ಲ

ಡೌನ್ ಸಿಂಡ್ರೋಮ್ ಇರೋ ನನ್ನ ಒಂದೂವರೆ ವರ್ಷದ ಮಗಳು ರಾಗಿ ಸರಿ ಹೇಗೋ ತಿಂತಾಳೆ, ಆದ್ರೆ ಹಾಲು ನೀರು ಕುಡಿದ್ಮೇಲೆ ಗಂಟಲು ಗೊರಗೊರ ಅನ್ನತ್ತೆ, ಮೇಲಿಂದ ಮೇಲೆ ನ್ಯುಮೋನಿಯಾ ಬರ್ತಿದೆ, ಕೆಮ್ಮೋದೇ ಇಲ್ವಲ್ಲ ಇದೂ ನುಂಗೋ ತೊಂದ್ರೆನಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ರಿಗೂ ತುಂಬಾ ಥ್ಯಾಂಕ್ಸ್.

ಹೌದು, ಅದೇ. ವೀಡಿಯೋಫ್ಲೋರೋಸ್ಕೋಪಿ ಮಾಡಿದ್ರು, ಹಾಲಿಗೆ ಬೇರಿಯಂ ಬೆರೆಸಿ ಕುಡಿಸ್ತಾ ಎಕ್ಸ್‌ರೇಲಿ ನೋಡೋದು. ಸ್ಕ್ರೀನ್ ಮೇಲೆ ಕಪ್ಪಗೆ ಒಂದು ಎಳೆ ಶ್ವಾಸನಾಳದ ಕಡೆ ಜಾರಿದ್ದು ಕಣ್ಣಾರೆ ಕಾಣಿಸ್ತು, ಮಗು ಮಾತ್ರ ಕೆಮ್ಮಲೇ ಇಲ್ಲ, ನಗ್ತಾ ಕೂತಿದ್ಲು. ಸೈಲೆಂಟ್ ಆಸ್ಪಿರೇಷನ್ ಅಂತೆ, ಅಂದ್ರೆ ಕುಡಿದಿದ್ದು ಕೆಮ್ಮೇ ಬರದೆ ಶ್ವಾಸನಾಳಕ್ಕೆ ಹೋಗೋದು, ಡೌನ್ ಸಿಂಡ್ರೋಮ್ ಇರೋ ಮಕ್ಕಳಲ್ಲಿ ಜಾಸ್ತಿನೇ ಕಾಣತ್ತಂತೆ. ಕೆಮ್ಮಿಲ್ಲ ಅಂದ್ರೆ ಸರಿಯಾಗೇ ನುಂಗ್ತಿದೆ ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ಅಲ್ಲಿಗೇ ಬಿಡ್ಬೇಡಿ.

ಈಗ ನುಂಗೋ ತೊಂದ್ರೆ ನೋಡೋ ಥೆರಪಿಸ್ಟ್ ಹೇಳಿದ ಹದಕ್ಕೆ ಹಾಲು ನೀರು ಗಟ್ಟಿ ಮಾಡಿ ಕೊಡ್ತಿದೀವಿ (ಯಾವ ಪೌಡರ್, ಎಷ್ಟು ಅನ್ನೋದು ಅವ್ರೇ ಹೇಳ್ಬೇಕು, ಗಟ್ಟಿ ಮಾಡೋ ಕೆಲವು ಪೌಡರ್ ಒಂದು ವರ್ಷದೊಳಗಿನ ಮಕ್ಕಳಿಗೆ ಕೊಡೋ ಹಾಗಿಲ್ಲ). ಮಲಗಿಸಿ ಕುಡಿಸೋದು ಬಂದ್, ಬೆನ್ನು ನೆಟ್ಟಗೆ, ಪಾದಕ್ಕೆ ಆಸರೆ ಕೊಟ್ಟು ಕೂರಿಸ್ತೀವಿ. ಚಪ್ಪಟೆ ಸ್ಪೂನ್‌ನ ನಾಲಿಗೆ ಮೇಲೆ ಮೆಲ್ಲಗೆ ಒತ್ತಿ, ಅವಳೇ ತುಟಿ ಮುಚ್ಚೋವರ್ಗೂ ಕಾದು ಆಮೇಲೆ ನೇರವಾಗಿ ಹೊರಗೆ ತೆಗೀತೀನಿ, ಮೇಲಿನ ವಸಡಿಗೆ ಸವರಿ ಹಾಕಲ್ಲ, ನಾಲಿಗೇಲಿ ಊಟ ಹೊರಗೆ ತಳ್ಳೋದು ಎಷ್ಟೋ ಕಮ್ಮಿ ಆಗಿದೆ. ಗಟ್ಟಿ ನೀರು ಯಾರಾದ್ರೂ ಕುಡಿಸ್ತಾರಾ ಅಂತ ಬೇಜಾರ್ ಮಾಡ್ಕೊಂಡಿದ್ದ ಅತ್ತೆನೇ ಈಗ ಹದ ನೋಡಿ ಕಲಸ್ತಾರೆ.

ಎಲ್ಲಿ ತೋರಿಸೋದು ಅಂತ ಕೇಳಿದ್ದವ್ರಿಗೆ, ಮೈಸೂರು ಮಾನಸಗಂಗೋತ್ರಿಲಿರೋ ಆಯಿಷ್‌ನಲ್ಲಿ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ನುಂಗೋ ತೊಂದ್ರೆಗೂ ನೋಡ್ತಾರೆ. ನಮ್ಗೆ ಕೆಲವು ತಿಂಗಳು ಬಿಟ್ಟು ಮತ್ತೆ ಟೆಸ್ಟ್ ಇದೆ, ಅಲ್ಲೀವರ್ಗೂ ತೆಳು ನೀರು ಕೊಡಲ್ಲ.